ಮದುವೆ ಕ್ಯಾಸೆಟ್ಟಿನ ಡಾಕಪ್ಪ

ಡಾಕಪ್ಪನನ್ನು ಟಿ.ವಿ.ಗೆ ಸೇರಿಸಿದವನು ನಾನೇ. ಆಮೇಲೆ ಯಾರೋ ಕೆದಕಿ ತೆಗೆಯುವುದಕ್ಕಿಂತ ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನನ್ನ ಹೆಸರು ವಿರೂಪಾಕ್ಷಪ್ಪ. ರಾಣೆಬೆನ್ನೂರಿನಿಂದ ಒಂದು ದಿನಪತ್ರಿಕೆಗೆ ಇಪ್ಪತ್ತೆರಡು ವರ್ಷ ಸುದ್ದಿ ಬರೆದವನು. ಕಾಳಿನ ಧಾರಣೆ, ರೈಲಿನ ಬದಲಾದ ವೇಳೆ, ಬಾವಿಗೆ ಬಿದ್ದವರು, ನಗರಸಭೆಯ ಕಿತ್ತಾಟ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆದು ಬರೆದು ಕೈಗೂ ಮನಸ್ಸಿಗೂ ದಡ್ಡು ಬಿದ್ದಿತ್ತು. ೨೦೦೬ರಲ್ಲಿ ಬೆಂಗಳೂರಿನ ಒಂದು ಸುದ್ದಿ ವಾಹಿನಿಯವರು ಫೋನ್ ಮಾಡಿ, "ನಿಮ್ಮೂರಲ್ಲಿ ಕ್ಯಾಮೆರಾ ಇರೋರು ಯಾರಾದ್ರೂ ಇದಾರಾ ಸಾರ್?" ಎಂದು ಕೇಳಿದಾಗ ನಾನು ಹಿಂದೆ ಮುಂದೆ ನೋಡದೆ ಡಾಕಪ್ಪನ ಹೆಸರು ಹೇಳಿದೆ. ಅವರಿಗೆ ಬೇಕಾಗಿದ್ದದ್ದು ಕ್ಯಾಮೆರಾ. ಅದರ ಹಿಂದೆ ಎಂಥ ಮನುಷ್ಯ ನಿಂತಿದ್ದಾನೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡಾಕಪ್ಪ ಹುಟ್ಟಿದ್ದು ಬ್ಯಾಡಗಿಯಲ್ಲಿ. ಅವನ ತಾಯಿ ಮೆಣಸಿನಕಾಯಿ ಅಂಗಳದಲ್ಲಿ ಕೂಲಿಗೆ ತೊಟ್ಟು ಬಿಡಿಸುತ್ತಿದ್ದಳು. ಅವಳ ಮಗ್ಗುಲಲ್ಲೇ ಆಡಿ ಬೆಳೆದದ್ದರಿಂದ ಅವನಿಗೆ ಘಾಟು ತಾಗುತ್ತಿರಲಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ನಾವೆಲ್ಲ ಸೀನಿ ಸೀನಿ ಕಣ್ಣು ಒರೆಸಿಕೊಳ್ಳುವಾಗ ಅವನು ಆರಾಮವಾಗಿ ನಿಂತು ಚಹಾ ಕುಡಿಯುತ್ತಿದ್ದ. ಅಲ್ಲಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಕಲಿತು, ರಾಣೆಬೆನ್ನೂರಿಗೆ ಬಂದು, ಸ್ಟೇಷನ್ ರಸ್ತೆಯಲ್ಲಿ ವಿಡಿಯೋ ಅಂಗಡಿ ಇಟ್ಟ. ಮದುವೆಯ ದಿನಗಳಲ್ಲಿ ಕಲ್ಯಾಣ ಮಂಟಪ ಸಿಕ್ಕರೂ ಡಾಕಪ್ಪ ಸಿಗುತ್ತಿರಲಿಲ್ಲ.

ಜನ ಅವನನ್ನೇ ಬೇಡುವುದಕ್ಕೆ ಒಂದು ಕಾರಣವಿತ್ತು. ಅವನ ಕ್ಯಾಸೆಟ್ಟುಗಳಲ್ಲಿ ಜಗಳ ಇರುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಬೀಗರು ಎಲೆ ಬಿಟ್ಟು ಎದ್ದದ್ದು, ಸೋದರಮಾವ ಸೀರೆಯ ವಿಷಯಕ್ಕೆ ಕೂಗಾಡಿದ್ದು, ಕುಡಿದು ಬಂದ ಚಿಕ್ಕಪ್ಪ ಚಪ್ಪರದ ಕಂಬ ಹಿಡಿದು ಭಾಷಣ ಮಾಡಿದ್ದು, ಎಲ್ಲ ಅವನ ಕ್ಯಾಮೆರಾಕ್ಕೆ ಸಿಕ್ಕಿರುತ್ತಿದ್ದವು. ಒಂದು ಶಾಸ್ತ್ರ ಮುಗಿದು ಇನ್ನೊಂದು ಶುರುವಾಗುವ ನಡುವೆ ಕ್ಯಾಮೆರಾ ನಿಲ್ಲಿಸುವ ರೂಢಿ ಅವನಿಗಿರಲಿಲ್ಲ. ನಿಲ್ಲಿಸಿದಾಗಲೇ ಏನಾದರೂ ಆಗುತ್ತದೆ ಎನ್ನುತ್ತಿದ್ದ. ಆದರೆ ಮನೆಯವರ ಕೈಗೆ ಕೊಡುವ ಪ್ರತಿಯಲ್ಲಿ ಅವೆಲ್ಲ ಮಾಯ. ಮೂಲ ಕ್ಯಾಸೆಟ್ಟು ಮಾತ್ರ ಊರು, ವರ್ಷ ಬರೆದು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಮನೆಯಲ್ಲಿ ಹಿರಿಯರು ತೀರಿಹೋದ ಮೇಲೆ ಜನ ಬಂದು ಇನ್ನೊಂದು ಪ್ರತಿ ಕೇಳುತ್ತಾರೆ. ಸತ್ತವರು ನಡೆದಾಡುವುದನ್ನು ನೋಡಬೇಕಾದರೆ ಬಡವರಿಗೆ ಮದುವೆ ಕ್ಯಾಸೆಟ್ಟು ಬಿಟ್ಟರೆ ಬೇರೆ ದಾರಿ ಎಲ್ಲಿದೆ?

ಇಂಥ ಮನುಷ್ಯನನ್ನು ನಾನು ಅಪರಾಧದ ಕಾರ್ಯಕ್ರಮಕ್ಕೆ ಕಳಿಸಿದೆ. ವಾರಕ್ಕೆ ಮೂರು ಸಂಜೆ ಅದು ಬರುತ್ತಿತ್ತು. ನಿರೂಪಕ ಕಿವುಡರ ಸಭೆಯಲ್ಲಿ ನಿಂತವನ ಹಾಗೆ ಕಿರುಚುತ್ತಿದ್ದ. ಕಳ್ಳರು, ಮೋಸಗಾರರು, ಓಡಿಹೋದವರು, ಓಡಿಸಿಕೊಂಡು ಹೋದವರು. ಡಾಕಪ್ಪ ಚಿತ್ರ ತೆಗೆದು, ಯಾರು ಯಾರು ಎಂದು ಒಂದು ಚೀಟಿ ಬರೆದು, ಕ್ಯಾಸೆಟ್ಟನ್ನು ಬೆಂಗಳೂರಿನ ಬಸ್ಸಿನ ಡ್ರೈವರನ ಕೈಗೆ ಕೊಟ್ಟುಬಿಟ್ಟರೆ ಅವನ ಕೆಲಸ ಮುಗಿಯಿತು. ಅಲ್ಲಿ ಅದನ್ನು ಏನು ಮಾಡುತ್ತಾರೆ ಎನ್ನುವುದು ನಮಗೆ ಟಿ.ವಿ.ಯಲ್ಲಿ ಬಂದಾಗಲೇ ಗೊತ್ತಾಗುತ್ತಿತ್ತು.

೨೦೦೭ರ ಆಗಸ್ಟಿನಲ್ಲಿ ಕುಪ್ಪೇಲೂರಿನ ಸುಭಾಷ ಸಿಕ್ಕಿಬಿದ್ದ. ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳಿಗೇನು ಬರ. ಅಂಥ ಒಂದರ ಗೋದಾಮಿನಲ್ಲಿ ಚೀಲ ತುಂಬುವ ಕೆಲಸ ಅವನದು. ಅಚ್ಚು ತಪ್ಪಿದ ಖಾಲಿ ಚೀಲಗಳನ್ನು ಸುಡಬೇಕೆಂದು ಕಂಪನಿಯವರು ಒಂದು ಮೂಲೆಗೆ ಒಟ್ಟಿರುತ್ತಿದ್ದರು. ಇವನು ಅವನ್ನು ಮನೆಗೆ ಒಯ್ದು, ಸಂತೆಯ ಮೆಕ್ಕೆಜೋಳಕ್ಕೆ ಔಷಧಿ ಹಚ್ಚಿದ ಹಾಗೆ ಕೆಂಪು ಬಣ್ಣ ಕಲಸಿ, ತುಂಬಿ, ಬೀಜವೆಂದು ಮಾರಿದ್ದ. ಮೂವತ್ತೊಂದು ಮನೆಯವರು ಬಿತ್ತಿದರು. ಬೆಳೆ ಎದೆಮಟ್ಟ ಬಂತು. ತೆನೆ ಸುಲಿದರೆ ಒಂದರಲ್ಲಿ ಕಾಳು, ನಾಲ್ಕರಲ್ಲಿ ಬರೀ ದಿಂಡು. ಗುಡದಪ್ಪ ಎಂಬ ರೈತ ತನ್ನ ಇಡೀ ಹೊಲವನ್ನು ಹಸಿಮೇವೆಂದು ಕೊಯ್ದು ದನಗಳಿಗೆ ಹಾಕಿದ. ಕೊಯ್ಯುವಾಗ ನಾನು ಅಲ್ಲೇ ಇದ್ದೆ. ಆ ದಿನ ಸುಭಾಷ ನನ್ನ ಕೈಗೆ ಸಿಕ್ಕಿದ್ದರೆ ನಾನೇ ಎರಡು ಬಿಗಿಯುತ್ತಿದ್ದೆ. ಅವನು ಮಾಡಿದ್ದು ಸಣ್ಣ ತಪ್ಪಲ್ಲ, ಅದನ್ನು ನಾನು ಎಲ್ಲಿಯೂ ಸಣ್ಣದು ಮಾಡಿ ಹೇಳುವುದಿಲ್ಲ.

ಹಾವೇರಿಯ ಪೊಲೀಸ್ ಕಚೇರಿಯಲ್ಲಿ ಅವನನ್ನು ಪತ್ರಕರ್ತರ ಎದುರು ಕೂರಿಸಿದರು. ಮುಂದೆ ಬಣ್ಣದ ಚೀಲಗಳ ರಾಶಿ, ಹಿಂದೆ ಇಬ್ಬರು ಪೇದೆಗಳು, ನಡುವೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ ಸುಭಾಷ. ಕ್ಯಾಮೆರಾದವರೆಲ್ಲ "ಏ, ಟವೆಲ್ ತೆಗಿಯೋ" ಎಂದು ಗದರಿದರೂ ಅವನು ಅಲುಗಲಿಲ್ಲ. ಡಾಕಪ್ಪ ಮಾತ್ರ ಮದುವೆ ಮನೆಯ ತನ್ನ ರೂಢಿಯ ದನಿಯಲ್ಲೇ ಹೇಳಿದ: "ಸ್ವಲ್ಪ ಮುಖ ಮ್ಯಾಲ ಮಾಡ್ರಿ. ಹಾಂ, ಇತ್ಲಾಗ."

ಸುಭಾಷ ಟವೆಲ್ಲು ಸರಿಸಿ ನೋಡಿದ. ಮೂರು ವರ್ಷದ ಹಿಂದೆ ಅವನ ಮದುವೆಯ ವಿಡಿಯೋ ತೆಗೆದವನು ಇವನೇ. ಆ ದನಿಯ ಗುರುತು ಹತ್ತಿತು. ಅಷ್ಟು ಜನರ ನಡುವೆ ಒಬ್ಬ ಪರಿಚಿತ ಸಿಕ್ಕನಲ್ಲ ಎಂದು ಅವನ ತುಟಿಯ ಮೇಲೆ ಒಂದು ಸಣ್ಣ ನಗು ಬಂತು. ದಾರಿಯಲ್ಲಿ ಎದುರಾದವರಿಗೆ "ಆರಾಮಿದ್ದೀರಿ?" ಎನ್ನುವಾಗ ಬರುತ್ತದಲ್ಲ, ಅಂಥದು. ಡಾಕಪ್ಪನೂ ತಲೆ ಅಲ್ಲಾಡಿಸಿದ. ಕ್ಯಾಮೆರಾ ನುಂಗಿದ್ದು ಅವನ ನಗುವನ್ನು ಮಾತ್ರ; ಇವನು ತಲೆ ಅಲ್ಲಾಡಿಸಿದ್ದು ಕ್ಯಾಮೆರಾದ ಹಿಂದೆಯೇ ಉಳಿಯಿತು.

ಮರುದಿನ ಬೆಂಗಳೂರಿನಿಂದ ಕಾರ್ಯಕ್ರಮದ ಡೆಸ್ಕಿನವನು ಫೋನ್ ಮಾಡಿದ. "ವಿಷುವಲ್ಸ್ ಸಾಲಲ್ಲ ಡಾಕಪ್ಪ. ಅದೇ ಮುಖ ಎಷ್ಟು ಸಲ ತೋರ್ಸೋದು? ಮನೆ, ಹೆಂಡ್ತಿ, ಮದುವೆ, ಏನಾದ್ರೂ ಇದ್ಯಾ?"

"ಮದಿವಿ ನಾನ ತೆಗದೇನ್ರಿ" ಎಂದ ಡಾಕಪ್ಪ. ಹೇಳುವಾಗ ಅವನಿಗೆ ಸ್ವಲ್ಪ ಜಂಬವೇ ಇತ್ತು. ನಾನು ಅಂಗಡಿಯಲ್ಲೇ ಕೂತಿದ್ದೆ. ಕಪಾಟಿನಿಂದ ಕ್ಯಾಸೆಟ್ಟು ತೆಗೆದ, "ಆರೋಪಿಯ ಮದುವೆ, ಕುಪ್ಪೇಲೂರು, ೨೦೦೪" ಎಂದು ಚೀಟಿ ಬರೆದ, ಬಸ್ಸಿಗೆ ಕೊಟ್ಟು ಬಂದ. ಅದು ಸುಭಾಷನ ಮನೆಯವರ ಮದುವೆ, ಅವರನ್ನು ಕೇಳಬೇಕು ಎಂದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಚಹಾ ಹೇಳಿದೆ.

ನಮ್ಮ ಕಡೆ ಅರಿಷಿಣಕ್ಕೆ ಕೂತ ಮದುಮಗನ ಮಗ್ಗುಲಲ್ಲಿ ಅವನ ತಂಗಿಯೋ ಅಕ್ಕನೋ ಕಳಸಗಿತ್ತಿಯಾಗಿ ಕೂರುತ್ತಾಳೆ. ಅವನಿಗೆ ಅರಿಷಿಣ ಹಚ್ಚಿದ ಹಾಗೆ ಅವಳಿಗೂ ಹಚ್ಚುತ್ತಾರೆ, ಅವನಿಗೆ ಆರತಿ ಎತ್ತಿದರೆ ಅವಳಿಗೂ ಎತ್ತುತ್ತಾರೆ. ಕೂಸಿಗೂ ಗೊತ್ತಿರುವ ಈ ಸಂಗತಿಯನ್ನು ಚೀಟಿಯಲ್ಲಿ ಬರೆಯಬೇಕು ಎಂದು ಡಾಕಪ್ಪನಿಗೆ ಯಾಕೆ ಅನ್ನಿಸೀತು? ಆದರೆ ಬೆಂಗಳೂರಿನ ಡೆಸ್ಕಿನಲ್ಲಿ ಕೂತವನು ಮದುಮಗನ ಪಕ್ಕದಲ್ಲಿ ಮೈತುಂಬ ಅರಿಷಿಣದ ಹುಡುಗಿಯನ್ನು ನೋಡಿದ, ಹೆಂಡತಿ ಎಂದುಕೊಂಡ.

ಕಾರ್ಯಕ್ರಮವನ್ನು ನಾವಿಬ್ಬರೂ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ನೋಡಿದೆವು. ಮೊದಲು ಸುಭಾಷನ ನಗು. ನಿಧಾನ ಮಾಡಿ, ನಗಾರಿ ಬಡಿದು, ಐದು ಸಲ ತೋರಿಸಿದರು. "ಅನ್ನದಾತನ ಹೊಟ್ಟೆಗೆ ಹೊಡೆದವನ ಮುಖದಲ್ಲಿ ಈ ನಗು ನೋಡಿ" ಎಂದು ನಿರೂಪಕ ಅರಚಿದ. ಆಮೇಲೆ ಮದುವೆ. ಅಕ್ಷತೆ ಹಾಕುತ್ತಿರುವ ಸುಭಾಷನ ತಂದೆ ಮೈಲಾರೆಪ್ಪ. ಮದುವೆಯಾದ ಮರುವರ್ಷವೇ ತೀರಿಕೊಂಡಿದ್ದ ಅವನು ಟಿ.ವಿ.ಯಲ್ಲಿ ಮತ್ತೆ ಬದುಕಿ ಬಂದದ್ದು ಕಳ್ಳನ ಅಪ್ಪನಾಗಿ. ಆಮೇಲೆ ಅರಿಷಿಣ. ಹುಡುಗಿಯ ಮುಖದ ಮೇಲೆ ಚಿತ್ರ ನಿಂತಿತು, ಸುತ್ತ ಒಂದು ಕೆಂಪು ಉಂಗುರ ಬಂತು. "ಗಂಡನ ಕಳ್ಳಾಟ ಈ ಹೆಂಡತಿಗೆ ಗೊತ್ತಿರಲಿಲ್ಲವೇ? ಅಥವಾ ಇವಳದೂ ಪಾಲಿತ್ತೇ?"

"ಅಯ್ಯಯ್ಯ, ಅಕಿ ಅವನ ತಂಗಿ!" ಎಂದು ಡಾಕಪ್ಪ ಎದ್ದು ನಿಂತ. ಚಹಾದಂಗಡಿಯಲ್ಲಿ ನಾಲ್ಕು ಜನ ತಿರುಗಿ ನೋಡಿದರು. ಅವನು ಹೊರಗೆ ಹೋಗಿ ಡೆಸ್ಕಿಗೆ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅದೇ ಕಾರ್ಯಕ್ರಮ ಮತ್ತೆ ಬಂತು, ಭಾನುವಾರ ಇನ್ನೊಮ್ಮೆ ಬಂತು.

ಆ ಹುಡುಗಿಯ ಹೆಸರು ಮೇಘಾ. ಟೀಚರ್ ಟ್ರೇನಿಂಗ್ ಮುಗಿಸಿ ಗುತ್ತಲದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ಇಯತ್ತೆಗೆ ಪಾಠ ಹೇಳುತ್ತಿದ್ದಳು. ಎಂಟು ದಿನ ಬಿಟ್ಟು ಅಂಗಡಿಗೆ ಬಂದಳು. ಕೂಗಾಡಲು ಬಂದವಳಲ್ಲ. ಒಂದು ಕೈಚೀಲದಲ್ಲಿ ರೇಷನ್ ಕಾರ್ಡು, ಅಣ್ಣನ ಲಗ್ನಪತ್ರಿಕೆ, ತನ್ನ ಸರ್ಟಿಫಿಕೇಟುಗಳು ಎಲ್ಲ ಇಟ್ಟುಕೊಂಡಿದ್ದಳು.

"ಪಾಲಕರು ಸಾಲಿಗೆ ಬಂದು ಕುಂತಿದ್ರು" ಎಂದಳು. "ಕಳ್ಳನ ಹೇಂತಿ ನಮ್ಮ ಹುಡುಗರಿಗೆ ಪಾಠ ಹೇಳೂದು ಬ್ಯಾಡಂತ. ಲಗ್ನ ಆಗಿದ್ದನ್ನ ಮುಚ್ಚಿಟ್ಟು ಕುಮಾರಿ ಅಂತ ಬರಕೊಂಡಾಳಂತ. ರೇಷನ್ ಕಾರ್ಡ್ ತೋರಿಸಿದೆ. ನೋಡ್ರಿ, ನಮ್ಮ ವೈನಿ, ಅಣ್ಣನ ಹೇಂತಿ, ಹೆಸರು ನಿರ್ಮಲಾ, ನಾ ಮೇಘಾ ಅಂದೆ. ಕಾಗದ ಯಾರ ಬೇಕಾದ್ರೂ ಮಾಡಸ್ತಾರ, ಟೀವ್ಯಾಗ ಬಂದದ್ದು ತಪ್ಪಂತ ಟೀವ್ಯಾಗ ಬರ್ಲಿ, ಅಲ್ಲೀತನಕ ಬರಬ್ಯಾಡ ಅಂದ್ರು ಸೆಕ್ರೆಟರಿ. ದಸರಾ ಸೂಟಿ ಮುಗ್ಯೂದ್ರೊಳಗ ಬರ್ಲಿಲ್ಲಂದ್ರ ಬ್ಯಾರೇದವ್ರನ್ನ ತಗೋತಾರಂತ."

ಡಾಕಪ್ಪ ತಲೆ ಎತ್ತಲಿಲ್ಲ.

"ನಮ್ಮಣ್ಣ ಮಾಡಿದ್ದು ತಪ್ಪೈತಿ. ಅದನ್ನ ಮುಚ್ಚಿಡ್ರಿ ಅಂತ ನಾ ಹೇಳಾಕ ಬಂದಿಲ್ಲ" ಎಂದಳು ಮೇಘಾ. "ನಾ ಅವನ ತಂಗಿ ಅದೇನಿ. ಅಷ್ಟ ಹೇಳ್ರಿ. ಒಂದ ಸಾಲು."

ಒಂದು ಸಾಲು! ಅದಕ್ಕಾಗಿ ಡಾಕಪ್ಪ ಒಂದು ತಿಂಗಳು ಫೋನ್ ಮಾಡಿದ. ಡೆಸ್ಕಿನವನು ಒಮ್ಮೆ "ನೋಡೋಣ" ಎಂದ, ಒಮ್ಮೆ "ಲೀಗಲ್‌ನವರನ್ನ ಕೇಳ್ಬೇಕು" ಎಂದ, ಒಮ್ಮೆ "ಯಾವ ಹುಡುಗಿ?" ಎಂದ. ಮರೆತೇಹೋಗಿತ್ತು ಅವನಿಗೆ. ಸೆಪ್ಟೆಂಬರಿನ ಕೊನೆಗೆ ಸುಭಾಷನಿಗೆ ಜಾಮೀನು ಸಿಕ್ಕ ಸುದ್ದಿ ತಿಳಿದಾಗ ಅವನೇ ಫೋನ್ ಮಾಡಿದ. ದನಿಯಲ್ಲಿ ಹುಮ್ಮಸ್ಸಿತ್ತು.

"ಒಂದು ಒಳ್ಳೆ ಫಾಲೋ-ಅಪ್ ಮಾಡೋಣ ಡಾಕಪ್ಪ. ಅವನು ಕ್ಯಾಮೆರಾ ಮುಂದೆ ಅಳ್ಬೇಕು. ತಾಯಿ ಇದಾಳಲ್ಲ, ಒಂದು ಕಪಾಳಕ್ಕೆ ಹೊಡೆದ್ರೆ ಇನ್ನೂ ಚೆಂದ. ಅದು ಸಿಕ್ಕಿದ್ರೆ ತಂಗಿ ವಿಷ್ಯ ಕೊನೇಲಿ ಹಾಕ್ತೀನಿ, ಪ್ರಾಮಿಸ್. ಬರೀ ಸ್ಪಷ್ಟನೆಗೆ ಸ್ಲಾಟ್ ಕೊಡಲ್ಲ ಇಲ್ಲಿ."

ಡಾಕಪ್ಪ ಫೋನ್ ಇಟ್ಟು ನನ್ನ ಮುಖ ನೋಡಿದ. "ಏನ್ ಮಾಡೂದ್ರಿ?" ಎಂದ. ತಂಗಿಯ ಹೆಸರು ತೊಳೆಯಬೇಕಾದರೆ ಅಣ್ಣನನ್ನು ಇನ್ನೊಮ್ಮೆ ಅಂಗಳಕ್ಕೆ ಎಳೆಯಬೇಕು. ನಾನು ಏನು ಹೇಳಲಿ? ಇಪ್ಪತ್ತೆರಡು ವರ್ಷ ಪೊಲೀಸರು ಕೊಟ್ಟ ಚೀಟಿಯಿಂದ ಹೆಸರು, ಅಪ್ಪನ ಹೆಸರು, ಊರು, ಜಾತಿ ಎಲ್ಲ ನಕಲು ಮಾಡಿ ಅಚ್ಚು ಹಾಕಿದವನು. "ಹೋಗಿ ನೋಡೋಣ ನಡಿ" ಎಂದೆ.

ಕುಪ್ಪೇಲೂರಿನ ಮನೆಯಲ್ಲಿ ಸುಭಾಷ ಮತ್ತು ಅವನ ತಾಯಿ ಶೇಖವ್ವ ಇಬ್ಬರೇ ಇದ್ದರು. ಹೆಂಡತಿ ತವರಿಗೆ ಹೋದವಳು ಬಂದಿರಲಿಲ್ಲ. ಡಾಕಪ್ಪ ಬಾಗಿಲಲ್ಲೇ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದ. ಅಳುವ ವಿಷಯ, ಹೊಡೆಯುವ ವಿಷಯ, ಯಾವುದನ್ನೂ ಮುಚ್ಚಲಿಲ್ಲ.

"ನಾ ಅವಂಗ ಹೊಡದು ಭಾಳ ದಿನಾ ಆತು" ಎಂದಳು ಶೇಖವ್ವ. "ಹೊಡ್ಯೂದಿದ್ರ ಯಾರಿಗೂ ಕಾಣದಂಗ ಹೊಡಿತೇನಿ. ಊರ ಮಂದಿಗೆ ತೋರಸಾಕ ನಾ ಹೊಡ್ಯಾಕಿ ಅಲ್ಲ."

ಸುಭಾಷ ಮಾತ್ರ ತಕರಾರು ಮಾಡಲಿಲ್ಲ. "ಮೇಘಾನ ಸಲುವಾಗಿ ಏನ್ ಹೇಳಂತೀರಿ ಹೇಳ್ತೇನಿ" ಎಂದು ಗೋಡೆಗೆ ಬೆನ್ನು ಕೊಟ್ಟು ಕೂತ. ಕ್ಯಾಮೆರಾ ನೋಡಿ ಹೇಳಿದ: "ನಾ ಸುಭಾಷ. ಕಂಪನೀಯವರು ಸುಡಾಕ ಇಟ್ಟ ಚೀಲ ಕದ್ದು, ಸಂತಿ ಮೆಕ್ಕಿಜ್ವಾಳಕ್ಕ ಬಣ್ಣ ಹಚ್ಚಿ, ಬೀಜ ಅಂತ ಮಾರೇನಿ. ಮೂವತ್ತೊಂದು ಮನ್ಯಾವ್ರ ಬೆಳಿ ಹೋತು. ನನ್ನ ಹೇಂತಿಗೆ ಇದು ಗೊತ್ತಿದ್ದಿಲ್ಲ. ಟೀವ್ಯಾಗ ತೋರಿಸಿದಾಕಿ ನನ್ನ ಹೇಂತಿ ಅಲ್ಲ, ನನ್ನ ತಂಗಿ ಮೇಘಾ. ಅಕೀಗೂ ಇದಕ್ಕೂ ಸಂಬಂಧಿಲ್ಲ." ಅವನ ವಕೀಲರು ಕೇಳಿದ್ದರೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಕೇಸು ನಡೆಯುವಾಗ ಹೀಗೆ ಯಾರು ಒಪ್ಪಿಕೊಳ್ಳುತ್ತಾರೆ?

ಆಮೇಲೆ ಅಳಲು ನೋಡಿದ. ಕಣ್ಣು ತಿಕ್ಕಿದ, ಮುಖ ಕಿವಿಚಿದ. ಬರಲಿಲ್ಲ. "ಬರವಲ್ದರಿ" ಎಂದು ನಾಚಿಕೊಂಡ. "ಇರ್ಲಿ ಬಿಡ್ರಿ" ಎಂದು ಡಾಕಪ್ಪ ಕ್ಯಾಮೆರಾವನ್ನು ಎದುರಿನ ಕಿಟಕಿಯಲ್ಲಿಟ್ಟು ವೈರು ಸುತ್ತತೊಡಗಿದ. ಶೇಖವ್ವ ಚಹಾ ಇಟ್ಟಳು.

ಚಹಾ ಕುಡಿಯುತ್ತ ಸುಭಾಷ ಕೇಳಿದ: "ಟೀವ್ಯಾಗ ನಮ್ಮಪ್ಪನ್ನೂ ತೋರಿಸ್ಯಾರಂತ ಹೌದನ್ರಿ? ನಾ ಜೇಲ್ನಾಗ ಇದ್ದೆ, ನೋಡಿಲ್ಲ."

"ಹೌದು" ಎಂದ ಡಾಕಪ್ಪ.

"ಎಷ್ಟೊತ್ತು?"

"ಅಕ್ಷತಿ ಹಾಕೂ ಮುಂದ. ಒಂದ ಗಳಿಗಿ."

ಸುಭಾಷ ಚಹಾದ ಬಸಿಯನ್ನು ಕೆಳಗಿಟ್ಟ. "ನಮ್ಮಪ್ಪ ಒಬ್ಬರ ಹೊಲದಾಗಿನ ಒಂದ ಸೌತಿಕಾಯಿ ಮುಟ್ಟಿದಾಂವಲ್ರಿ" ಎಂದ. ಅಷ್ಟೇ. ಆಮೇಲೆ ಅವನ ಮಾತು ಕಟ್ಟಿತು. ತಾಯಿಯ ಕಡೆ ಹೊರಳಿ, "ಯವ್ವಾ, ಅಪ್ಪನ್ನ ನಾ ಎಲ್ಲಿ ತಂದು ನಿಂದ್ರಿಸಿದ್ನ" ಎಂದು ಬಿಕ್ಕಿ ಬಿಕ್ಕಿ ಅತ್ತ. ಶೇಖವ್ವ ಅವನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಬಾಯಲ್ಲಿ ಬೈಯುತ್ತಲೇ ಇದ್ದಳು, ಕೈ ಮಾತ್ರ ಅವನ ಕೂದಲಲ್ಲಿ ಓಡಾಡುತ್ತಿತ್ತು. ಇಪ್ಪತ್ತೆಂಟು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ಎಂದೂ ನೋಡಿರಲಿಲ್ಲ.

ಕಿಟಕಿಯಲ್ಲಿ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಡಾಕಪ್ಪ ನಿಲ್ಲಿಸಿರಲಿಲ್ಲ. ಮದುವೆ ಮನೆಯ ರೂಢಿ. ಅವನು ದೀಪ ನೋಡಿದ, ನಾನೂ ನೋಡಿದೆ. ಎದ್ದು ಒಂದು ಗುಂಡಿ ಒತ್ತಬಹುದಾಗಿತ್ತು. ಇಬ್ಬರೂ ಏಳಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ಎದ್ದರೆ ಅವನ ಅಳು ನಿಲ್ಲುತ್ತದೆ ಎಂದು ಸುಮ್ಮನಿದ್ದೆ ಅಂತ ನಾನು ಹೇಳಿಕೊಳ್ಳಬಹುದು. ಅದು ಅರ್ಧ ಮಾತ್ರ ಖರೆ.

ಇಬ್ಬರೂ ಬಸ್ಸಿನಲ್ಲಿ ಮರಳಿದೆವು. ಡಾಕಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಸುಭಾಷನ ತಪ್ಪೊಪ್ಪಿಗೆಯನ್ನಷ್ಟೇ ಬೇರೆ ಕ್ಯಾಸೆಟ್ಟಿಗೆ ಇಳಿಸಿದ. ಈ ಸಲ ಚೀಟಿಯಲ್ಲಿ ಯಾರು ಹೆಂಡತಿ, ಯಾರು ತಂಗಿ ಎಂದು ಇಷ್ಟುದ್ದ ಬರೆದ. ಅಳುವ ಭಾಗವಿದ್ದ ಕ್ಯಾಸೆಟ್ಟು ಕಪಾಟಿಗೆ ಹೋಯಿತು.

"ಅತ್ನಾ?" ಎಂದು ಡೆಸ್ಕಿನವನು ಫೋನಿನಲ್ಲಿ ಕೇಳಿದ.

"ಇಲ್ರಿ" ಎಂದ ಡಾಕಪ್ಪ.

"ಇದ್ರಲ್ಲಿ ಏನೂ ಇಲ್ವಲ್ಲ ಡಾಕಪ್ಪ, ಶಾಲೆ ಮಕ್ಕಳು ಪದ್ಯ ಒಪ್ಪಿಸಿದ ಹಾಗಿದೆ" ಎಂದು ಅವನು ಫೋನ್ ಇಟ್ಟ. ತಪ್ಪೊಪ್ಪಿಗೆ ಬರಲಿಲ್ಲ, ತಂಗಿಯ ಒಂದು ಸಾಲೂ ಬರಲಿಲ್ಲ. ನನ್ನ ಪತ್ರಿಕೆಯಲ್ಲಿ ನಾನು ನಾಲ್ಕು ಸಾಲಿನ ಸ್ಪಷ್ಟನೆ ಹಾಕಿಸಿದೆ. ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ. ಮೇಘಾ ಅದನ್ನು ಒಯ್ದು ತೋರಿಸಿದರೆ ಶಾಲೆಯ ಸೆಕ್ರೆಟರಿ, "ಇದನ್ನ ಯಾರ್ ಓದ್ತಾರ?" ಎಂದರಂತೆ.

ದಸರಾ ಸೂಟಿ ಮುಗಿಯಲು ಮೂರು ದಿನವಿರುವಾಗ ಮೇಘಾ ಮತ್ತೆ ಅಂಗಡಿಗೆ ಬಂದಳು. ನಾನೂ ಅಲ್ಲಿದ್ದೆ. "ಏನಾತ್ರಿ?" ಎಂದಳು. ಡೆಸ್ಕಿನವನಿಗೆ ಹೇಳಿದ ಸುಳ್ಳನ್ನು ಇವಳಿಗೆ ಹೇಳಲು ಡಾಕಪ್ಪನಿಂದ ಆಗಲಿಲ್ಲ. ಡೆಸ್ಕಿನವನ ಶರತ್ತು, ಕುಪ್ಪೇಲೂರಿಗೆ ಹೋದದ್ದು, ಕಿಟಕಿಯಲ್ಲಿಟ್ಟ ಕ್ಯಾಮೆರಾ, ಕಪಾಟಿಗೆ ಸೇರಿದ ಕ್ಯಾಸೆಟ್ಟು, ಎಲ್ಲ ಹೇಳಿಬಿಟ್ಟ. ಕೊನೆಗೆ, "ನಿಮ್ಮಣ್ಣ ಅಳೂದನ್ನ ಸಂತ್ಯಾಗ ಇಡಾಕ ನನ್ನ ಮನಸ್ಸು ಒಪ್ಪಲಿಲ್ಲಬೇ" ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತು. ತಾನು ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ನಂಬಿಕೆಯೂ ಅದರಲ್ಲಿ ಇತ್ತು.

ಮೇಘಾ ಕೈಚೀಲ ಕೆಳಗಿಟ್ಟಳು. "ನನಗ ತೋರ್ಸ್ರಿ" ಎಂದಳು.

ಅಂಗಡಿಯ ಸಣ್ಣ ಟಿ.ವಿ.ಯಲ್ಲಿ ಡಾಕಪ್ಪ ಹಾಕಿದ. ಅವಳು ಸ್ಟೂಲಿನ ಮೇಲೆ ಕೂತು ಪೂರ್ತಿ ನೋಡಿದಳು. ಅಣ್ಣ ಬಸಿ ಕೆಳಗಿಡುವುದು, ಮಾತು ಕಟ್ಟುವುದು, ಅವ್ವನ ಕೈ. ಸೆರಗು ಬಾಯಿಗೆ ಒತ್ತಿಕೊಂಡಳು. ಮುಗಿದ ಮೇಲೆ ಒಂದೇ ಕೇಳಿದಳು: "ಇದನ್ನ ಕಳಿಸಿದ್ರ ನಾ ತಂಗಿ ಅಂಬೂದನ್ನ ಹೇಳ್ತಾರ?"

"ಹೇಳ್ತಾರ" ಎಂದ ಡಾಕಪ್ಪ. "ಕಡೀಕ. ಇದನ್ನ ಹತ್ತು ಸಲ ತೋರ್ಸಿ, ನಗಾರಿ ಬಡದು, ಕಡೀಕ ಒಂದ ಸಾಲು."

ಹೊರಗೆ ರಸ್ತೆಯಲ್ಲಿ ಆಟೋದವರು ಗುತ್ತಲ, ಗುತ್ತಲ ಎಂದು ಕೂಗುತ್ತಿದ್ದರು. ಮೇಘಾ ಆ ಕೂಗಿನ ಕಡೆ ಹೊರಳಿ ನೋಡಿದಳು. ಆ ನೌಕರಿ ಅವಳಿಗೆ ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತಿತ್ತು. ಅಣ್ಣ ಜೈಲಿಗೆ ಹೋದ ಮೇಲೆ ಮನೆಯಲ್ಲಿ ತಲೆ ಎತ್ತಿ ಓಡಾಡುವಂತೆ ಉಳಿದದ್ದು ಅವಳ ಆ ಟೀಚರ್ ಎಂಬ ಹೆಸರೊಂದೇ.

"ಬ್ಯಾಡ" ಎಂದಳು ಕೊನೆಗೆ.

ಡಾಕಪ್ಪ ಉಸಿರು ಬಿಟ್ಟ. ಅದು ಅವಳಿಗೆ ಕೇಳಿಸಿತು. ಸರ್ರನೆ ಎದ್ದಳು.

"ನೀವೇನ್ ಹಗುರ ಆಗಬ್ಯಾಡ್ರಿ" ಎಂದಳು. "ಮೊದಲ ಸಲ ನಮ್ಮನ್ನ ಕೇಳದ ತೋರಿಸಿದ್ರಿ. ಈ ಸಲ ನಮ್ಮನ್ನ ಕೇಳದ ಮುಚ್ಚಿಟ್ರಿ. ಎರಡೂ ಸಲ ನೀವ ಶಾಣ್ಯಾರು. ಹೋಗೂದು ನನ್ನ ನೌಕರಿ, ಅಳೂದು ನಮ್ಮಣ್ಣ. ಇವತ್ತ ಬ್ಯಾಡ ಅಂದದ್ದು ನಾನು, ನೀವಲ್ಲ. ಅದನ್ನ ಮರೀಬ್ಯಾಡ್ರಿ."

ಕೈಚೀಲ ತೆಗೆದುಕೊಂಡು ಹೋದಳು. ಡಾಕಪ್ಪ ಕ್ಯಾಸೆಟ್ಟನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದು ಕೂತ. ಅವನಿಗೆ ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ. ಸೂಟಿ ಮುಗಿದ ಮೇಲೆ ಗುತ್ತಲದ ಶಾಲೆಗೆ ಬೇರೆ ಟೀಚರ್ ಬಂದರು.

ಆ ತಿಂಗಳೇ ಡಾಕಪ್ಪ ವಾಹಿನಿಯ ಕೆಲಸ ಬಿಟ್ಟ. ಬಿಟ್ಟದ್ದನ್ನು ಬೆಂಗಳೂರಿನಲ್ಲಿ ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ; ವಾರದೊಳಗೆ ಇನ್ನೊಬ್ಬ ಕ್ಯಾಮೆರಾ ಹಿಡಿದು ಬಂದ. ಡಾಕಪ್ಪ ಕಪಾಟಿನಲ್ಲಿದ್ದ ಮದುವೆಗಳ ಮೂಲ ಕ್ಯಾಸೆಟ್ಟುಗಳನ್ನೆಲ್ಲ ಸ್ಕೂಟರಿನ ಮೇಲೆ ಹೇರಿಕೊಂಡು ಊರೂರು ತಿರುಗಿ ಆಯಾ ಮನೆಗಳಿಗೆ ಮುಟ್ಟಿಸಿದ. ಎಷ್ಟೋ ಜನಕ್ಕೆ ಅದು ಯಾಕೆಂದೇ ತಿಳಿಯಲಿಲ್ಲ. "ಇಟ್ಕೊಳ್ರಿ, ನಿಮ್ಮದ" ಎನ್ನುತ್ತಿದ್ದನಂತೆ. ಈಗಲೂ ಮದುವೆಗೆ ಹೋಗುತ್ತಾನೆ. ಮೊದಲಿನಷ್ಟು ಹೋಗುವುದಿಲ್ಲ, ಬೇಗ ದಣಿಯುತ್ತಾನೆ.

ಎರಡು ವರ್ಷ ಸುಮ್ಮನಿದ್ದು, ಈ ವರ್ಷ, ಅಂದರೆ ೨೦೦೯ರಲ್ಲಿ, ಇವನ ಕಥೆ ಬರೆಯಬೇಕು ಎನ್ನಿಸಿತು. ಬರೆದು ಮುಗಿಸಿ ಡಾಕಪ್ಪನಿಗೆ ಓದಿ ಹೇಳಿದೆ. "ನಂದೇನ್ ಐತ್ರಿ, ಮೇಘಾನ ಕೇಳ್ರಿ" ಎಂದ. ಹಾವೇರಿಗೆ ಹೋದೆ. ತಾಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅವಳು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದಾಳೆ. ಗಿರಾಕಿಗಳ ನಡುವೆಯೇ ನನ್ನ ಹಾಳೆಗಳನ್ನು ಓದಿದಳು. ಒಂದೆರಡು ಕಡೆ ಕಾಗುಣಿತ ತಿದ್ದಿದಳು.

"ನಂದ ತಕರಾರಿಲ್ರಿ" ಎಂದಳು. "ಆದ್ರ ಅಣ್ಣನ್ನ ಕೇಳೀರಿ?"

ಕೇಳಿರಲಿಲ್ಲ. ಇಷ್ಟೆಲ್ಲ ಆದ ಮೇಲೂ, ಇಷ್ಟೆಲ್ಲ ಬರೆದ ಮೇಲೂ, ಸುಭಾಷನನ್ನು ಕೇಳಬೇಕು ಎಂದು ನನಗೆ ಹೊಳೆದಿರಲಿಲ್ಲ. ಕಳ್ಳನನ್ನು ಏನು ಕೇಳುವುದು ಎಂಬ ಹಳೆಯ ದಡ್ಡು ಇನ್ನೂ ಹೋಗಿರಲಿಲ್ಲ ನನ್ನಲ್ಲಿ. ನನ್ನ ಮೇಲೆಯೇ ಹೇಸಿಗೆ ಬಂತು.

ಮರುದಿನ ಕುಪ್ಪೇಲೂರಿಗೆ ಹೋದೆ. ಕೇಸು ಇನ್ನೂ ನಡೆದಿದೆ. ಸುಭಾಷ ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾನೆ. ನನ್ನನ್ನು ಕಂಡವನೇ ಹೆಗಲ ಟವೆಲ್ಲಿಗೆ ಕೈ ಹಾಕಿದ. "ಕ್ಯಾಮೆರಾ ಇಲ್ಲಪ್ಪ, ಓದಿ ಹೇಳಾಕ ಬಂದೇನಿ" ಎಂದೆ. ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿದ. ಗುಡದಪ್ಪನ ಹೊಲದ ಮಾತು ಬಂದಾಗ ತಲೆ ಕೆಳಗೆ ಹಾಕಿದ. ಕಿಟಕಿಯಲ್ಲಿನ ಕೆಂಪು ದೀಪದ ಮಾತು ಬಂದಾಗ ತಲೆ ಎತ್ತಿದ.

"ಅದು ಕ್ಯಾಸೆಟ್ಟಿನ್ಯಾಗ ಬಂದಿತ್ತನ್ರಿ?" ಎಂದ. ಅವನಿಗೆ ಅದು ಗೊತ್ತೇ ಇರಲಿಲ್ಲ.

"ಬಂದಿತ್ತು."

"ಮೇಘಾ ನೋಡ್ಯಾಳ?"

"ನೋಡ್ಯಾಳ."

"ಅದನ್ನ ಕಳಿಸಿದ್ರ ಅಕಿ ನೌಕರಿ ಉಳಿತಿತ್ತ?"

"ಉಳೀತಿತ್ತು ಅಂತ ಕಾಣ್ತದ."

"ನೋಡಿ ಬ್ಯಾಡ ಅಂದ್ಲ?"

"ಹೌದು. ಬ್ಯಾಡ ಅಂದ್ಲು."

ಸುಭಾಷ ಎದ್ದು ಎಮ್ಮೆಯ ಹತ್ತಿರ ಹೋಗಿ ನನ್ನ ಕಡೆ ಬೆನ್ನು ಮಾಡಿ ನಿಂತ. "ಎರಡು ವರ್ಷ ಆತ್ರಿ ಅಕಿ ಮನಿಗೆ ಬಂದು" ಎಂದ. "ನನ್ನ ಮುಖಾ ನೋಡಾಕ ಹೇಸ್ತಾಳ ಅನಕೊಂಡಿದ್ನಿ." ಆಮೇಲೆ ಎಮ್ಮೆಯ ಬೆನ್ನ ಮೇಲೆ ಕೈ ಆಡಿಸಿದ. ನಾನು ಹಾಳೆಗಳನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡೆ. ಬೇಡ ಎಂದರೆ ಹರಿದುಹಾಕಬೇಕು ಎಂದೇ ಇದ್ದೆ.

"ಬರೀರಿ" ಎಂದ ಸುಭಾಷ, ತಿರುಗದೆಯೇ. "ನಾ ಕದ್ದದ್ದು ಬರೀರಿ. ನಾ ಅತ್ತದ್ದೂ ಬರೀರಿ. ಅಕಿ ಬ್ಯಾಡ ಅಂದದ್ದು ಬರ್ಯಾಕ ಮಾತ್ರ ಮರೀಬ್ಯಾಡ್ರಿ."